ಕಾರಿನ ಎಡಗಣ್ಣು

ನ್ಯಾಮತಿಯ ನಮ್ಮ ಮನೆಯಲ್ಲಿ ಅಡುಗೆಮನೆ ಒಂದೇ, ಒಲೆ ಎರಡು. ಒಂದು ದೊಡ್ಡಮ್ಮನದು, ಇನ್ನೊಂದು ಅವ್ವನದು. ನಡುವೆ ಗೋಡೆ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಓರಗಿತ್ತಿಯರಿಬ್ಬರೂ ಬೆನ್ನಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದರು. ಬಡಿತದ ಸದ್ದು ಕೇಳಿಯೇ ಈವತ್ತು ಯಾರ ಸಿಟ್ಟು ಜಾಸ್ತಿ ಎಂದು ನಾನು ಅಂಗಳದಿಂದಲೇ ಹೇಳಬಲ್ಲವಳಾಗಿದ್ದೆ. ಹಿಟ್ಟು ಒಂದೇ ಮೂಟೆಯದು, ನೀರು ಒಂದೇ ಬಾವಿಯದು, ಆದರೆ ದೊಡ್ಡಮ್ಮ ಮಾಡಿದ ಪಲ್ಯವನ್ನು ಅವ್ವ ಬಾಯಿಗಿಡುತ್ತಿರಲಿಲ್ಲ, ಅವ್ವ ಕಾಯಿಸಿದ ಹಾಲನ್ನು ದೊಡ್ಡಮ್ಮ ಮುಟ್ಟುತ್ತಿರಲಿಲ್ಲ. ನಡುಮನೆಯಲ್ಲಿ ಮೊದಲು ದೊಡ್ಡಪ್ಪ ಒಬ್ಬನೇ ಕೂತು ಉಣ್ಣಬೇಕು. ಅವನು ಕೈತೊಳೆದು ಎದ್ದ ಮೇಲೆ ಅದೇ ಜಾಗದಲ್ಲಿ ಅಪ್ಪ ಕೂರಬೇಕು. ಅವನು ಎದ್ದ ಮೇಲೆ ನಾವು ಹೆಣ್ಣುಮಕ್ಕಳು, ಅದೂ ಎರಡು ಮೂಲೆಗಳಲ್ಲಿ.

ದೊಡ್ಡಪ್ಪನದು ಟೂರಿಂಗ್ ಟಾಕೀಸು. ಊರಾಚೆ ಬಯಲಿನಲ್ಲಿ ಗುಡಾರ ಹಾಕಿ ಸಿನಿಮಾ ತೋರಿಸುವುದು, ಕೆಲವು ತಿಂಗಳು ನ್ಯಾಮತಿಯಲ್ಲಿ, ಕೆಲವು ತಿಂಗಳು ಹೊನ್ನಾಳಿಯಲ್ಲಿ. ಅಪ್ಪ ಅಲ್ಲಿ ಪ್ರೊಜೆಕ್ಟರು ನಡೆಸುತ್ತಿದ್ದ. ಅವನ ಹೆಸರು ಈರಣ್ಣ, ಆದರೆ ಒಡಹುಟ್ಟಿದ ಅಣ್ಣ ಅವನನ್ನು ಜನರೆದುರು ಕರೆಯುತ್ತಿದ್ದುದು "ಏ ಆಪರೇಟರ್" ಎಂದು. ಅಪ್ಪ ತಿರುಗಿ ಮಾತಾಡಿದ್ದನ್ನು ನಾನು ಕಂಡವಳಲ್ಲ. ಅವನ ಮೌನವನ್ನು ನಾನು ಬಹಳ ದಿನ ಒಳ್ಳೆಯತನವೆಂದೇ ತಿಳಿದಿದ್ದೆ. ಅವ್ವ ಹಾಗೆ ತಿಳಿದಿರಲಿಲ್ಲ. "ಮಣ್ಣಿನ ಎತ್ತು" ಎಂದು ಅವನ ಎದುರಿಗೇ ಅನ್ನುತ್ತಿದ್ದಳು.

ಅಪ್ಪನಿಗೂ ದೊಡ್ಡಮ್ಮನಿಗೂ ಮಾತೇ ಇರಲಿಲ್ಲ. ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಂದೇ ಅಂಗಳದಲ್ಲಿ, ಕೈಗೆಟುಕುವಷ್ಟು ಹತ್ತಿರ ನಿಂತಿದ್ದರೂ ಇಬ್ಬರ ಮಾತೂ ನನ್ನ ಮೂಲಕವೇ ದಾಟಬೇಕಿತ್ತು.

"ಸರೋಜಿ, ನಿಮ್ಮಪ್ಪಗೆ ಹೇಳು. ಬಾವಿ ರಾಟೆ ಕಿರ್ ಅಂತೈತೆ. ಕಿವಿ ಇದ್ದೋರಿಗೆ ಕೇಳಿಸ್ತೈತೆ."

"ನಿಮ್ಮ ದೊಡ್ಡಮ್ಮಗೆ ಹೇಳವ್ವ. ಕಿವಿ ಐತೆ, ಕೈ ಖಾಲಿ ಇಲ್ಲ."

ನಾನು ಇತ್ತ ತಿರುಗಿ ಒಮ್ಮೆ, ಅತ್ತ ತಿರುಗಿ ಒಮ್ಮೆ ಹೇಳುತ್ತಿದ್ದೆ. ನಾನು ಹೇಳಿ ಮುಗಿಸುವ ತನಕ ಅವರು ಏನೂ ಕೇಳಿಸದವರಂತೆ ಕಾಯುತ್ತಿದ್ದರು. ಒಂದು ಸಲ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ದಾಟಿಸಿದ್ದಕ್ಕೆ ದೊಡ್ಡಮ್ಮ ನನ್ನ ತೋಳು ಚಿವುಟಿದಳು. "ಅವನು ಅಂದಂಗೇ ಹೇಳು. ಅದ್ಕೆ ಸಕ್ಕರೆ ಬೆರೆಸಬ್ಯಾಡ." ಮುಂದೆ ನಾನು ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಾಗ, ಯಾರದೋ ಮಾತನ್ನು ಯಾರಿಗೋ ಜೋಡಿಸಿ ಸುಮ್ಮನಿರುವ ಆ ಕೆಲಸ ನನಗೇನೂ ಹೊಸದೆನಿಸಲಿಲ್ಲ.

ಮಾತು ಬಿಟ್ಟ ಕಾರಣ ನನಗೆ ತಿಳಿದದ್ದು ಅವ್ವನ ಒಂದು ಜಗಳದಲ್ಲಿ. ದೊಡ್ಡಮ್ಮನ ತೌರು ಜಗಳೂರು. ಅವಳ ತಮ್ಮ ತಿಪ್ಪೇಸ್ವಾಮಿ ಯಾವುದೋ ಮದುವೆಯಲ್ಲಿ, ನೆಂಟರೆಲ್ಲ ಕೂತಿರುವಾಗ, "ನಮ್ಮ ಭಾವನ್ನ ಹುಡುಕಬೇಕಂದ್ರೆ ಮೊದ್ಲು ಗುಡಾರ ಎಲ್ಲೈತೆ ಅಂತ ಹುಡುಕಬೇಕು" ಎಂದು ನಕ್ಕನಂತೆ. ಅಂದಿನಿಂದ ದೊಡ್ಡಪ್ಪ ಆ ಮನೆಯ ಸಂಬಂಧ ಹರಿದುಕೊಂಡ, ಹೆಂಡತಿಯದನ್ನೂ ಹರಿದ. ಆಮೇಲೊಂದು ದಿನ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಮ್ಮ ತಮ್ಮನ ಜೊತೆ ಕದ್ದು ಮಾತಾಡುತ್ತಾ ನಿಂತದ್ದನ್ನು ಅಪ್ಪ ನೋಡಿದ. ನೋಡಿ ಸುಮ್ಮನಿರಲಿಲ್ಲ. ಅಣ್ಣ ಕೇಳಿದ್ದಕ್ಕೋ, ಕೇಳದೆಯೋ, ಹೇಳಿಬಿಟ್ಟ. ದೊಡ್ಡಪ್ಪ ಅವತ್ತು ನಡುಮನೆಯಲ್ಲಿ ದೊಡ್ಡಮ್ಮನಿಗೆ ಹೊಡೆದ. ಅವ್ವ ಅದನ್ನು ಒಲೆಯ ಮುಂದೆ ಕೂತು ಕೇಳಿದಳಂತೆ, ಎದ್ದು ಬರಲಿಲ್ಲವಂತೆ. "ನಾನ್ಯಾಕೆ ಏಳ್ಲಿ? ನನ್ನ ಬಾಣಂತನದಾಗೆ ಬಿಸಿನೀರು ಕೊಡದೋಳು" ಎಂದು ಅದನ್ನೂ ಹೇಳಿದಳು. ನಮ್ಮ ಮನೆಯಲ್ಲಿ ಒಂದು ಸಿಟ್ಟಿನ ಬೇರು ಇನ್ನೊಂದು ಸಿಟ್ಟಿನಲ್ಲಿರುತ್ತಿತ್ತು. ಅಗೆದಷ್ಟೂ ಸಿಗುತ್ತಿತ್ತು.

ಇಂಥ ಮನೆಗೆ ಆ ಕಾರು ಬಂತು. ಯಾರೋ ಅರಬ್ಬರ ದೇಶದಿಂದ ಬೊಂಬಾಯಿಗೆ ಹಡಗಿನಲ್ಲಿ ತಂದದ್ದು ಕೈಯಿಂದ ಕೈಗೆ ದಾಟಿ ದಾವಣಗೆರೆಯ ಒಬ್ಬ ಸಿನಿಮಾ ಹಂಚಿಕೆದಾರನ ಹತ್ತಿರ ಬಂದಿತ್ತು. ದೊಡ್ಡಪ್ಪ ಅದನ್ನು ಕೊಂಡುಕೊಂಡ. ಕುಂಕುಮದ ಬಣ್ಣ, ಚಪ್ಪಟೆ ಮೂತಿ. ಹಗಲು ನೋಡಿದರೆ ಮುಂದೆ ದೀಪವೇ ಇಲ್ಲ. ಒಳಗೆ ಗುಂಡಿ ಒತ್ತಿದರೆ ಮೂತಿಯ ಎರಡು ಮೂಲೆಗಳಲ್ಲಿದ್ದ ಮುಚ್ಚಳಗಳು ಗುಯ್ ಎಂದು ಮೇಲೆದ್ದು, ಅವುಗಳಡಿಯಲ್ಲಿ ಅಡಗಿದ್ದ ದೀಪಗಳು ಎದುರಿಗೆ ಬರುತ್ತಿದ್ದವು. ನ್ಯಾಮತಿಯ ಜನಕ್ಕೆ ಅದು ಸಿನಿಮಾಕ್ಕಿಂತ ದೊಡ್ಡ ಸಿನಿಮಾ. ದೊಡ್ಡಪ್ಪನಿಗೆ ಕಾರು ಓಡಿಸಲು ಬಾರದು, ಕಲಿಯುವುದು ಮರ್ಯಾದೆಯಲ್ಲವೆಂದು ಅವನ ಎಣಿಕೆ. ಅಪ್ಪ ಓಡಿಸಬೇಕು, ಅವನು ಹಿಂದೆ ಕೂರಬೇಕು. ಸಂಜೆ ಮೊದಲ ಆಟಕ್ಕೆ ಮುಂಚೆ ಗುಡಾರದ ಮುಂದೆ ಕಾರು ನಿಲ್ಲಿಸಿ, "ಏ ಆಪರೇಟರ್, ಕಣ್ಣು ತೆಗಿ" ಎನ್ನುತ್ತಿದ್ದ. ಕಣ್ಣು ತೆರೆಯುತ್ತಿತ್ತು. ಮಕ್ಕಳು ಕೇಕೆ ಹಾಕುತ್ತಿದ್ದರು.

ಕಾರು ಬರುವಾಗಲೇ ಹಳೆಯದು. ಒಂದು ಸಂಜೆ ಬಲಗಣ್ಣು ಎದ್ದಿತು, ಎಡಗಣ್ಣು ಏಳಲಿಲ್ಲ. ಜನ ಹೋ ಎಂದು ನಕ್ಕರು. ಯಾವನೋ ಹಿಂದಿನಿಂದ "ಒಕ್ಕಣ್ಣ ಬಂದ" ಎಂದು ಕೂಗಿದ. ಕೂಗಿದ್ದು ಕಾರಿಗೋ ತನಗೋ ಎಂಬುದು ದೊಡ್ಡಪ್ಪನಿಗೆ ಬಗೆಹರಿಯಲಿಲ್ಲ. ದಾವಣಗೆರೆಯ ಎಲೆಕ್ಟ್ರಿಷಿಯನ್ ಒಬ್ಬ ಬಂದು ನೋಡಿ, ಇದರ ಸಾಮಾನು ಈ ದೇಶದಲ್ಲೇ ಸಿಗುವುದಿಲ್ಲವೆಂದು ಹೋದ. ಅಪ್ಪನನ್ನು ಕೇಳಿದರೆ "ನಂಗೆ ಗೊತ್ತಾಗಲ್ಲ" ಎಂದ. ಕಾರು ಹಿತ್ತಲಿನ ಕೊಟ್ಟಿಗೆ ಸೇರಿತು. ಅದರ ಮೇಲೆ ಹಳೆಯ ಗುಡಾರದ ಬಟ್ಟೆ ಬಿತ್ತು. ಕೋಳಿಗಳು ಅದರ ಮೇಲೆ ಕೂರತೊಡಗಿದವು.

ಆ ಬೇಸಿಗೆಯ ಒಂದು ಬೆಳಿಗ್ಗೆ ಜಗಳೂರಿನ ಕಡೆಯ ಬಳೆಗಾರ್ತಿ ನಮ್ಮ ಬಾಗಿಲಿಗೆ ಬಂದಳು. ದೊಡ್ಡಮ್ಮನ ಕೈ ಹಿಡಿದು ಬಳೆ ಏರಿಸುತ್ತಾ, ಒಳಗಿದ್ದ ದೊಡ್ಡಪ್ಪನಿಗೆ ಕೇಳದಂತೆ ಹೇಳಿದಳು.

"ನಿಮ್ಮವ್ವಗೆ ಲಕ್ವ ಹೊಡದೈತೆ ಕಣಮ್ಮ. ಮಾತು ಬಿದ್ದೋಗೈತೆ. ಒಂದು ಕೈ ಒಂದು ಕಾಲು ಇಲ್ಲ. ಕಣ್ಣು ಬಾಗಿಲ ಕಡೀಗೇ ಇರ್ತೈತೆ."

ದೊಡ್ಡಮ್ಮ ಬಳೆ ತೊಟ್ಟು ಒಳಗೆ ಹೋದಳು. ಮಧ್ಯಾಹ್ನ ದೊಡ್ಡಪ್ಪನ ತಟ್ಟೆಗೆ ಸಾರು ಬಿಡುತ್ತಾ ಕೇಳಿದಳು.

"ಜಗಳೂರಿಗೆ ಹೋಗಿ ಬರ್ತೀನಿ. ಅವ್ವಗೆ ಹುಷಾರಿಲ್ಲ."

"ಹೆಂಗೆ ಹೋಗ್ತೀಯ?"

"ಬಸ್ಸಿನಾಗೆ."

"ಬಸ್ಸಿನಾಗೆ? ಗುಡಾರದೋನ ಹೆಂಡ್ತಿ ಬಸ್ಸು ಹತ್ತಿ ಬಂದ್ಲು ಅಂತ ಆ ನಿನ್ನ ತಮ್ಮ ಊರೆಲ್ಲ ನಗಾಡಬೇಕಾ? ಹೋದ್ರೆ ಕಾರಿನಾಗೇ ಹೋಗ್ಬೇಕು."

"ಹಂಗಾದ್ರೆ ಕಾರಿನಾಗೇ ಕಳಿಸ್ರಿ."

"ಕಣ್ಣಿಲ್ಲದ ಗಾಡಿ. ದಾರ್ಯಾಗೆ ಹೊತ್ತು ಮುಣುಗಿದ್ರೆ ಹಳ್ಳಕ್ಕೆ ಬೀಳ್ತೀರೇನು? ಅದರ ಕಣ್ಣು ಸರಿ ಹೋಗ್ಲಿ, ಅವತ್ತೇ ಕಳಿಸ್ತೀನಿ. ನಾನೇನು ಬ್ಯಾಡ ಅಂದ್ನಾ?"

ಅವನ ಮುಖದಲ್ಲಿ ಒಂದು ನಗೆ ಇತ್ತು. ಎಂದೂ ಸರಿಹೋಗದ ಕಣ್ಣು ಅದು ಎಂಬ ಭರವಸೆಯ ನಗೆ. ಅವ್ವ ತನ್ನ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಅಂದು ಅವಳ ರೊಟ್ಟಿ ಬಡಿತ ನಿಂತಿತ್ತು.

ಆಗ ಗುಡಾರ ಹೊನ್ನಾಳಿಯಲ್ಲಿತ್ತು. ದೊಡ್ಡಪ್ಪ ವಾರಗಟ್ಟಲೆ ಅಲ್ಲೇ ಉಳಿಯುತ್ತಿದ್ದ. ಅಪ್ಪ ಆಟ ಮುಗಿಸಿ ಅಲ್ಲೇ ಮಲಗಿ, ಬೆಳಗಿನ ಬಸ್ಸಿಗೆ ಮನೆಗೆ ಬಂದು, ಮತ್ತೆ ಸಂಜೆಗೆ ಹೋಗುತ್ತಿದ್ದ. ದೊಡ್ಡಪ್ಪ ಹೊನ್ನಾಳಿಗೆ ಹೋದ ಮರುದಿನವೇ, ಅಪ್ಪ ಉಣ್ಣಲು ಕೂತಾಗ ದೊಡ್ಡಮ್ಮ ಬಂದು ಬಾಗಿಲಲ್ಲಿ ನಿಂತಳು.

"ಸರೋಜಿ, ನಿಮ್ಮಪ್ಪಗೆ ಹೇಳು. ಕಾರಿನ ಕಣ್ಣು ತೆಗೀಬೇಕಂತೆ."

"ನಿಮ್ಮ ದೊಡ್ಡಮ್ಮಗೆ ಹೇಳು. ಅಣ್ಣ ನಂಗೇನೂ ಹೇಳಿಲ್ಲ."

"ಅವನ ಅಣ್ಣ ನಂಗೆ ಹೇಳ್ಯಾನೆ ಅನ್ನು. ಕಣ್ಣು ಸರಿಹೋದ್ರೆ ಕಳಿಸ್ತೀನಿ ಅಂತ ಬಾಯಿಬಿಟ್ಟು ಹೇಳ್ಯಾನೆ ಅನ್ನು."

ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೂತ. ಅವ್ವ ಒಳಗಿನಿಂದ ಕೂಗಿದಳು.

"ನಿಮಗ್ಯಾಕೆ ಇಲ್ಲದ ಉಸಾಬರಿ? ಹಿಂದೊಂದು ಸಲ ಇವರ ವಿಷಯಕ್ಕೆ ಬಾಯಿ ಹಾಕಿದ್ದು ಸಾಲದೇನು? ಈಗ ಕೈ ಬ್ಯಾರೆ ಹಾಕ್ತೀರಾ?"

ಅವ್ವ ತಡೆಯಲೆಂದೇ ಅಂದಿರಬೇಕು. ಆದರೆ "ಹಿಂದೊಂದು ಸಲ" ಎಂಬ ಮಾತು ಅಪ್ಪನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವನು ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡು ಕೊಟ್ಟಿಗೆಗೆ ನಡೆದ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹೋದಳು. ಅವರಿಬ್ಬರ ನಡುವೆ ನಾನು ಬೇಕೇ ಬೇಕಾಗಿದ್ದರಿಂದ ನಾನೂ ಹೋದೆ.

ಎಡಗಣ್ಣಿನ ಕೆಳಗೆ, ಮೂತಿಯೊಳಗೆ, ತೆಂಗಿನ ಚಿಪ್ಪಿನಷ್ಟು ದೊಡ್ಡ ಮೋಟರು ಕೂತಿತ್ತು. ಅದರ ತುದಿಯಲ್ಲೊಂದು ರಬ್ಬರಿನ ಟೊಪ್ಪಿ, ಟೊಪ್ಪಿ ತೆಗೆದರೆ ಒಂದು ಗುಂಡನೆಯ ಹಿಡಿ. ಅಪ್ಪ ಅದನ್ನು ಬೆರಳಲ್ಲಿ ತಿರುಗಿಸುತ್ತಾ ಹೋದಂತೆ ಮುಚ್ಚಳ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆದ್ದಿತು.

"ಎದ್ದಿತಲ್ಲ! ಹಿಂಗೇ ಕೈಲಿ ಎತ್ತಿಟ್ಟು ಹೋದ್ರೆ ಆಗಲ್ವಾ ಅಂತ ಕೇಳು."

"ಅಣ್ಣ ಒಪ್ಪಲ್ಲ ಅನ್ನು. ಗುಂಡಿ ಒತ್ತಿದ್ರೆ ಏಳಬೇಕು. ಇಲ್ದಿದ್ರೆ ಸರಿಹೋಗಿಲ್ಲ ಅಂತಾನೆ."

ದೊಡ್ಡಮ್ಮ ಅದನ್ನು ಒಪ್ಪಿದಳು. ತನ್ನ ಗಂಡನನ್ನು ಮೈದುನ ತನ್ನಷ್ಟೇ ಬಲ್ಲ ಎಂಬುದು ಅವಳಿಗೆ ಅವತ್ತು ಗೊತ್ತಾಗಿರಬೇಕು.

ತಿರುಪುಗಳು ತುಕ್ಕು ಹಿಡಿದು ಕೂತಿದ್ದವು. ಸೀಮೆಎಣ್ಣೆ ಬಿಟ್ಟು ಒಂದು ದಿನ ಕಾದರು. ಮಾರನೆಯ ದಿನ ಮೋಟರು ಕೈಗೆ ಬಂತು. ಗೋಣಿಚೀಲದ ಮೇಲೆ ಅದನ್ನು ಬಿಚ್ಚಿದಾಗ ಒಳಗಿನ ಗ್ರೀಸು ಒಣಗಿ ಹಳೆಯ ಬೆಲ್ಲದಂತೆ ಗಟ್ಟಿಯಾಗಿತ್ತು. ಕರೆಂಟು ದಾಟಿಸುವ ಎರಡು ಇದ್ದಿಲ ತುಂಡುಗಳು ಸವೆದು ಉಗುರಿನಷ್ಟು ಉಳಿದಿದ್ದವು. ಬಿಳಿಯ ನೈಲಾನ್ ಹಲ್ಲಿನ ಚಕ್ರದಲ್ಲಿ ಒಂದು ಕಡೆಯ ಹಲ್ಲುಗಳು ತಿಂದುಹೋಗಿದ್ದವು. ಅಪ್ಪ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಮುಚ್ಚಳ ಏಳುವುದೂ ಕೂರುವುದೂ ಯಾವಾಗಲೂ ಅದೇ ಜಾಗದಲ್ಲಾದ್ದರಿಂದ ಚಕ್ರದ ಒಂದು ಪಾಲು ಮಾತ್ರ ದುಡಿದಿತ್ತು. ಉಳಿದ ಹಲ್ಲುಗಳು ಹೊಸದರಂತೆಯೇ ಇದ್ದವು. ಅವನು ಚಕ್ರವನ್ನು ತಿರುಗಿಸಿ ಕೂರಿಸಿದ. ಇದ್ದಿಲ ತುಂಡುಗಳಿಗೆ ಬದಲು, ಪ್ರೊಜೆಕ್ಟರಿನಲ್ಲಿ ಉರಿದು ಉಳಿದ ಕಾರ್ಬನ್ ಕಡ್ಡಿಯ ಮೋಟುಗಳನ್ನು ತಂದು ಕಲ್ಲಿಗೆ ಉಜ್ಜಿ ಉಜ್ಜಿ ಅಳತೆಗೆ ಇಳಿಸಿದ. ಮೊದಲನೆಯದು ಮುರಿಯಿತು. ಎರಡನೆಯದೂ ಮುರಿಯಿತು. ಅಪ್ಪ ಕೆಟ್ಟ ಮಾತೊಂದನ್ನು ಅಂದ. ಅವನ ಬಾಯಲ್ಲಿ ಅಂಥ ಮಾತು ನಾನು ಮೊದಲ ಸಲ ಕೇಳಿದ್ದು.

"ಅದನ್ನೂ ದಾಟಿಸಲೇನು?" ಎಂದೆ ದೊಡ್ಡಮ್ಮನ ಕಡೆ ತಿರುಗಿ.

"ಬ್ಯಾಡ, ತಿಳೀತು" ಎಂದಳು ದೊಡ್ಡಮ್ಮ.

ಉಜ್ಜುತ್ತಾ ಉಜ್ಜುತ್ತಾ ಅಪ್ಪ ತಲೆ ಎತ್ತದೆ ನನಗೆ ಹೇಳಿದ.

"ಸರೋಜಿ, ನಿಮ್ಮ ದೊಡ್ಡಮ್ಮಗೆ ಹೇಳು. ಅವತ್ತು ಹೊನ್ನಾಳಿ ಬಸ್ ಸ್ಟ್ಯಾಂಡಿನಾಗೆ..."

"ಹೇಳಬ್ಯಾಡ ಅನ್ನು." ದೊಡ್ಡಮ್ಮ ನಾನು ಬಾಯಿ ತೆರೆಯಲೂ ಬಿಡಲಿಲ್ಲ. "ಈಗ ಹೇಳಿ ಹಗುರ ಆಗಾಕೆ ಬರಬ್ಯಾಡ ಅನ್ನು. ಅವನು ಹೊತ್ಕಂಡೇ ಇರಲಿ. ಮೋಟ್ರು ಮಾಡು ಅನ್ನು."

ಅಪ್ಪ ಮತ್ತೆ ಉಜ್ಜತೊಡಗಿದ. ನಾನು ಅಂದು ಏನನ್ನೂ ದಾಟಿಸಬೇಕಾಗಿ ಬರಲಿಲ್ಲ, ಆದರೂ ಮೈಯೆಲ್ಲ ದಣಿದಿತ್ತು.

ಮೋಟರು ಜೋಡಿಸಿ ಗುಂಡಿ ಒತ್ತಿದಾಗ ಎಡಗಣ್ಣು ಎದ್ದಿತು. ಎದ್ದದ್ದು ನಿಲ್ಲಲಿಲ್ಲ. ಮುಚ್ಚಿತು, ಮತ್ತೆ ಎದ್ದಿತು, ಮತ್ತೆ ಮುಚ್ಚಿತು. ಬಲಗಣ್ಣು ನೆಟ್ಟಗೆ ನೋಡುತ್ತಿರುವಾಗ ಎಡಗಣ್ಣು ದೊಡ್ಡಮ್ಮನ ಕಡೆ ಬಿಡದೆ ಕಣ್ಣು ಹೊಡೆಯುತ್ತಿತ್ತು. ಬಾಗಿಲಲ್ಲಿ ಇಣುಕುತ್ತಿದ್ದ ಅವ್ವನಿಗೆ ಇದಕ್ಕಿಂತ ಬೇಕೆ?

"ಚೆನ್ನಾಗೈತೆ ಚೆನ್ನಾಗೈತೆ. ಜಗಳೂರು ತನಕ ಹಿಂಗೇ ಕಣ್ಣು ಹೊಡ್ಕಂತಾ ಹೋಗ್ರಿ, ಊರೋರೆಲ್ಲ ದಾರಿ ಬಿಡ್ತಾರೆ."

"ನಿನ್ನ ನಾಲಿಗೀಗೂ ಇಂಥದ್ದೊಂದು ಮುಚ್ಚಳ ಹಾಕಿಸ್ಬೇಕು" ಎಂದಳು ದೊಡ್ಡಮ್ಮ. ಅವರಿಬ್ಬರ ನಡುವೆ ಮಾತಿಗೆಂದೂ ಕೊರತೆಯಿರಲಿಲ್ಲ, ಅದೆಲ್ಲ ಬೈಗುಳವೇ ಆಗಿರುತ್ತಿತ್ತು ಅಷ್ಟೆ.

ಮುಚ್ಚಳ ಮೇಲೆ ಬಂದಾಗ ಕರೆಂಟು ಕಡಿಯಬೇಕಾದ ತಾಮ್ರದ ಬಿಲ್ಲೆಯೊಂದು ಒಳಗಿತ್ತು. ಅದು ಕರ್ರಗೆ ಕಿಲುಬು ಹಿಡಿದಿತ್ತು. ಅಪ್ಪ ಬಟ್ಟೆಯಿಂದ ಒರೆಸಿದರೆ ಹೋಗಲಿಲ್ಲ, ಚಾಕುವಿನಿಂದ ಕೆರೆಯಲು ಹೊರಟ. ದೊಡ್ಡಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಹೋಗಿ, ಹುಣಸೆಹಣ್ಣು ಬೂದಿ ಹಾಕಿ ಪೂಜೆಯ ಸಾಮಾನು ತಿಕ್ಕುವಂತೆ ತಿಕ್ಕಿ, ತೊಳೆದು, ಬಿಸಿಲಿಗೆ ಒಣಗಿಸಿ ತಂದು ಗೋಣಿಚೀಲದ ಮೇಲೆ ಎಸೆದಳು. ಗಾಡಿಯ ಕೀಲೆಣ್ಣೆ ಬಳಿದು ಅಪ್ಪ ಎಲ್ಲವನ್ನೂ ಮತ್ತೆ ಕೂರಿಸಿದ. ಈ ಸಲ ಗುಂಡಿ ಒತ್ತಿದಾಗ ಎರಡು ಕಣ್ಣೂ ಒಟ್ಟಿಗೇ ಎದ್ದು ನಿಂತವು. ನಿಂತೇ ಇದ್ದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಮ್ಮ ಹೋಗಿ ಹಿತ್ತಲಿನ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಅಪ್ಪ ಹೊನ್ನಾಳಿಯ ಬಸ್ಸಿಗೆ ಹೊರಟುಹೋದ.

ದೊಡ್ಡಪ್ಪ ಮುಂದಿನ ಭಾನುವಾರ ಬೆಳಿಗ್ಗೆ ಬಂದ. ಅವನು ಉಂಡು ತಾಂಬೂಲ ಹಾಕಿಕೊಳ್ಳುವ ತನಕ ದೊಡ್ಡಮ್ಮ ಸುಮ್ಮನಿದ್ದಳು. ಆಮೇಲೆ ಅವನನ್ನು ಕೊಟ್ಟಿಗೆಗೆ ಕರೆದೊಯ್ದು, ಕಾರಿನ ಬಾಗಿಲು ತೆಗೆದು, ತಾನೇ ಕೈ ಹಾಕಿ ಗುಂಡಿ ಒತ್ತಿದಳು. ಎರಡು ಕಣ್ಣೂ ಎದ್ದವು. ದೊಡ್ಡಪ್ಪ ಬಾಯಲ್ಲಿನ ಎಲೆ ಅಗಿಯುವುದನ್ನು ಮರೆತ.

"ಯಾರು ಮುಟ್ಟಿದ್ದು ಇದನ್ನ?"

"ಯಾರಾದ್ರೂ ಮುಟ್ಟಿರಲಿ. ಕಣ್ಣು ಬಂದೈತೆ. ಕಳಿಸ್ರಿ."

"ಟೈರು ಸವೆದೈತೆ."

"ಮೊನ್ನೆ ತನಕ ಕಣ್ಣಿಂದೊಂದೇ ಮಾತಿತ್ತು. ಈಗ ಟೈರು ಬಂತಾ?"

"ಹೂಂ, ಟೈರು. ನಾಳೆ ಇನ್ನೊಂದು. ನಿಂಗೆ ಬಿಡಿಸಿ ಹೇಳ್ಬೇಕೇನೇ? ಆ ಮನೆ ಹೊಸ್ತಿಲು ತುಳಿದ್ರೆ ತಿರುಗಿ ಈ ಮನೆ ಹೊಸ್ತಿಲು ತುಳಿಯಂಗಿಲ್ಲ."

ಅಷ್ಟು ಹೊತ್ತಿಗೆ ಅಪ್ಪ ನಡುಮನೆಯಲ್ಲಿ ಉಣ್ಣಲು ಕೂತಿದ್ದ. ದೊಡ್ಡಮ್ಮ ಸೀದಾ ಒಳಗೆ ಬಂದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಕಾರಿನ ಕೀಲಿಯನ್ನು ತೆಗೆದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು. ನಾನು ಅಭ್ಯಾಸಬಲದಿಂದ ಹತ್ತಿರ ಹೋಗಿ ನಿಂತೆ. ಅವಳು ನನ್ನನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು.

"ಈರಣ್ಣ, ಗಾಡಿ ತೆಗಿ."

ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. "ತೆಗಿ ನೋಡಾನ. ಏ ಆಪರೇಟರ್, ಆ ಕೀಲಿ ಮುಟ್ಟಿದ್ರೆ ಇವತ್ತಿಗೆ ಗುಡಾರದ ಬಾಗಿಲು ಮುಚ್ಚಿತು ಅಂತ ತಿಳ್ಕ."

ಅಪ್ಪ ಊಟ ಮುಗಿಸಿದ. ಅವಸರ ಮಾಡಲಿಲ್ಲ, ಮಜ್ಜಿಗೆಯನ್ನೂ ಕುಡಿದ. ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಕೀಲಿ ತೆಗೆದುಕೊಂಡು ಅಣ್ಣನ ಮುಂದೆ ಹೋಗಿ ನಿಂತ. ಏನಾದರೂ ಅಂದಾನೆಂದು ನಾನು ಕಾದೆ. ಅವನು ಅಂದದ್ದು ಇಷ್ಟೆ.

"ನನ್ನ ಹೆಸರು ಈರಣ್ಣ ಅಂತ. ಅಪ್ಪ ಇಟ್ಟಿದ್ದು. ದಾರಿ ಬಿಡು."

ದೊಡ್ಡಪ್ಪ ಕೈ ಎತ್ತಿದ. ಎತ್ತಿದ ಕೈ ಹಾಗೇ ಉಳಿಯಿತು, ಯಾಕೆಂದರೆ ಅವ್ವ ಕೈಯಲ್ಲಿ ನನ್ನ ಬಟ್ಟೆಯ ಚೀಲ ಹಿಡಿದು ಅವರಿಬ್ಬರ ನಡುವೆ ನುಗ್ಗಿದ್ದಳು.

"ಈ ಹುಡುಗೀನೂ ಕರ್ಕಂಡು ಹೋಗ್ರಿ. ಅತ್ತಿಗೆ ಮೈದುನ ಇಬ್ಬರೇ ಕಾರಿನಾಗೆ ಹೋದ್ರು ಅಂತ ನಾಳೆ ಈ ಮನೆ ಯಜಮಾನನೇ ಊರ ಮುಂದೆ ಹೇಳ್ಕಂತಾ ತಿರುಗ್ತಾನೆ. ಅಂಥೋನು ಇವನು."

ಹೀಗೆ ನಾನು ಜಗಳೂರು ಕಂಡೆ. ಹೊನ್ನಾಳಿಯ ಸೇತುವೆ ದಾಟುವಾಗ ಹೊಳೆಯಲ್ಲಿ ನೀರಿಗಿಂತ ಬಂಡೆಗಳೇ ಜಾಸ್ತಿ ಇದ್ದವು. ಮಲೇಬೆನ್ನೂರು ದಾಟಿತು, ದಾವಣಗೆರೆ ದಾಟಿತು. ಒಮ್ಮೆ ಮಾತಾಡಿಯಾಯಿತು, ಇನ್ನು ಮಾತು ಬೇಡ ಎಂಬಂತೆ ದೊಡ್ಡಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಹಸಿರು ಹಿಂದಕ್ಕುಳಿದು ಕೆಂಪು ನೆಲ ಬಂತು, ಶೇಂಗಾ ಕಿತ್ತ ಹೊಲಗಳು ಬಂದವು, ದೂರದೂರಕ್ಕೆ ಒಂದೊಂದು ಹುಣಸೆಮರ. ಹೊತ್ತು ಮುಳುಗಿದಾಗ ಅಪ್ಪ ಗುಂಡಿ ಒತ್ತಿದ. ಎದುರಿಗೆ ಬರುತ್ತಿದ್ದ ಎತ್ತಿನ ಗಾಡಿಯವನು ಬೆಚ್ಚಿ ಎತ್ತುಗಳ ಸಮೇತ ಪಕ್ಕಕ್ಕಿಳಿದು ನಮ್ಮ ವಂಶವನ್ನೇ ಬೈದ. ದೊಡ್ಡಮ್ಮ ಮುಂದಕ್ಕೆ ಬಾಗಿದಳು.

"ಅವನ್ನ ನೋಡ್ತಾ ಕೂರಬ್ಯಾಡ. ಬಿರಬಿರ ಓಡ್ಸು."

ಜಗಳೂರಿನ ಆ ಮನೆಯ ಮುಂದೆ ಕಾರು ನಿಂತಾಗ ತಿಪ್ಪೇಸ್ವಾಮಿ ಟವೆಲ್ಲು ಹೆಗಲಿಗೇರಿಸಿಕೊಂಡು ಹೊರಗೆ ಬಂದ. ಅಕ್ಕನನ್ನು ಗುರುತು ಹಿಡಿದ. ಸಂತೋಷಪಡಲಿಲ್ಲ.

"ಈಗ ಬಂದೆಯಾ? ಹೆಣ ಎತ್ತಾಕೆ ಹೇಳಿ ಕಳಿಸಿದ್ರೆ ಬರ್ತಿದ್ದೆಯೇನೋ. ನಿನ್ನ ಗಂಡ ಎಲ್ಲಿ? ಕಾರು ಮಾತ್ರ ಕಳಿಸಿದ್ನಾ ತೋರ್ಸಾಕೆ?"

"ಎಲ್ಲ ನಿನ್ನ ಬಾಯಿಂದ ಆಗಿದ್ದು. ಆ ಬಾಯಿ ಇನ್ನೂ ಹಂಗೇ ಐತೆ. ಸರಿ ಅತ್ಲಾಗೆ" ಎಂದು ಅವನನ್ನು ಭುಜದಿಂದ ತಳ್ಳಿ ದೊಡ್ಡಮ್ಮ ಒಳಗೆ ಹೋದಳು. ನಾನು ಅವಳ ಸೆರಗು ಹಿಡಿದೇ ಹೋದೆ.

ಲಾಟೀನಿನ ಬೆಳಕಿನಲ್ಲಿ ಹಗ್ಗದ ಮಂಚದ ಮೇಲೆ ಮುದುಕಿಯೊಬ್ಬಳು ಮಲಗಿದ್ದಳು. ಮೈಯ ಒಂದು ಭಾಗ ಸತ್ತುಹೋಗಿತ್ತು. ಬಾಯಿ ಸೊಟ್ಟಗಾಗಿತ್ತು. ದೊಡ್ಡಮ್ಮ ಕಾಲು ಮುಟ್ಟಿ ಅಳುತ್ತಾಳೆಂದು ನಾನು ಎಣಿಸಿದ್ದೆ. ಅವಳು ಮಂಚದ ಪಕ್ಕದಲ್ಲಿ ಕುಕ್ಕರಿಸಿ ಕೂತು ಬೈಯಲು ಶುರುಮಾಡಿದಳು.

"ಯಾಕೆ ಕೊಟ್ಟೆ ಆ ಮನೀಗೆ? ಹೇಳು, ಯಾಕೆ ಕೊಟ್ಟೆ? ಬ್ಯಾಡ ಬ್ಯಾಡ ಅಂತ ಆ ಕಂಬ ಹಿಡ್ಕಂಡು ಅತ್ತಿದ್ನಲ್ಲ, ನಿನ್ನ ಕಣ್ಣಿಗೆ ಕಾಣಲಿಲ್ವಾ? ಮಗ ಬೆಳೀಬೇಕು, ಮಗಳು ಎಲ್ಲಾದ್ರೂ ಬಿದ್ದು ಸಾಯ್ಲಿ. ನಾನು ಹೊಡೆತ ತಿಂದ ದಿನ ನೀನು ಬಂದೇನೇ? ಒಬ್ಬರನ್ನಾದ್ರೂ ಕಳಿಸಿದೇನೇ? ಈಗ ಮಾತು ಬಿದ್ದೈತಂತೆ. ನಾನು ಕೇಳೋ ಹೊತ್ತಿಗೆ ಸರಿಯಾಗಿ ಮಾತು ಬೀಳಿಸ್ಕಂಡೆಯಾ?"

ಬಾಗಿಲಲ್ಲಿ ನಿಂತಿದ್ದ ತಿಪ್ಪೇಸ್ವಾಮಿ ಟವೆಲ್ಲನ್ನು ಬಾಯಿಗೊತ್ತಿಕೊಂಡಿದ್ದ. ಮುದುಕಿ ಮಗಳ ಮುಖವನ್ನೇ ನೋಡುತ್ತಾ ಎಲ್ಲವನ್ನೂ ಕೇಳಿದಳು. ಆಮೇಲೆ ಜೀವವಿದ್ದ ಕೈಯನ್ನು ಎತ್ತಿ, ದೊಡ್ಡಮ್ಮನ ತಲೆಗೂದಲನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು. ಹಟಮಾಡುವ ಚಿಕ್ಕ ಹುಡುಗಿಯನ್ನು ಜಗ್ಗುವಂತೆ ಜಗ್ಗಿದಳು, ಬಿಡಲಿಲ್ಲ. ದೊಡ್ಡಮ್ಮನ ಮಾತು ನಿಂತಿತು. ಅವಳು ತಲೆಯನ್ನು ಮಂಚದ ಮೇಲಿಟ್ಟಳು. ಆ ಕೈ ಕೂದಲಲ್ಲೇ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು ಎದ್ದು, "ಗಂಜಿ ಯಾರು ಕುಡಿಸ್ತಾರೆ ಇವಳಿಗೆ? ಕತ್ತಿನ ಮೇಲೆಲ್ಲ ಚೆಲ್ಲೈತೆ ನೋಡು" ಎಂದು ತಮ್ಮನ ಹೆಂಡತಿಯ ಮೇಲೆ ಹರಿಹಾಯ್ದಳು.

ಬೆಳಿಗ್ಗೆ ಅಪ್ಪ ಹೊರಟಾಗ ದೊಡ್ಡಮ್ಮ ಕಾರಿನ ತನಕ ಬಂದಳು.

"ನಾನು ಬರಲ್ಲ. ನೀನು ಹೋಗು. ಸರೋಜಿನ ಚೆನ್ನಾಗಿ ಓದ್ಸು."

"ಹೂಂ ಅತ್ತಿಗೆ" ಎಂದ ಅಪ್ಪ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ನೇರವಾಗಿ ಹೇಳಿದ್ದು ಆ ಎರಡು ಮಾತು.

ನ್ಯಾಮತಿಯಲ್ಲಿ ನಮ್ಮ ಟ್ರಂಕು, ಹಾಸಿಗೆ, ಪಾತ್ರೆ ಎಲ್ಲ ಅಂಗಳದಲ್ಲಿದ್ದವು. ಟ್ರಂಕಿನ ಮೇಲೆ ಅವ್ವ ಕೂತಿದ್ದಳು, ತೊಡೆಯ ಮೇಲೆ ರೊಟ್ಟಿ ಬಡಿಯುವ ಹಲಗೆ. ಅಪ್ಪ ಕಾರಿನಿಂದ ಇಳಿದು ಅವಳ ಮುಂದೆ ನಿಂತ.

"ಹೊರಗೆ ಹಾಕಿದ್ನಾ ಅಣ್ಣ?"

"ಅವನೆಲ್ಲಿ ಹಾಕ್ತಾನೆ? ಅವನಿಗೆ ರೊಟ್ಟಿ ಬಡಿಯೋರು ಬೇಕಲ್ಲ. ಬೆಳಗಾದ ತಕ್ಷಣ ಬಂದು ನಂಗೆ ಅಡಿಗಿ ಮಾಡು ಅಂದ. ನಾನೇ ತಂದಿಟ್ಟೆ ಎಲ್ಲ. ನಡೀರಿ, ಎಲ್ಲಿಗಾದ್ರೂ ಹೋಗಾನ."

ಕಾರನ್ನು ಕೊಟ್ಟಿಗೆಯಲ್ಲಿ ಬಿಟ್ಟು ನಾವು ಚನ್ನಗಿರಿಗೆ ಹೋದೆವು. ಅಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಒಂದೇ ಒಲೆ. ಅಪ್ಪ ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವ ಅಂಗಡಿ ಇಟ್ಟ. ಬಸವಾಪಟ್ಟಣ, ಕೆರೆಬಿಳಚಿಯ ಕಡೆಯಿಂದೆಲ್ಲ ಸುಟ್ಟ ಮೋಟರು ಹೊತ್ತು ತರುತ್ತಿದ್ದರು, "ಈರಣ್ಣನೋರೇ" ಎಂದು ಕರೆಯುತ್ತಿದ್ದರು. ಜಗಳವಾಡಲು ಯಾರೂ ಇಲ್ಲದೆ ಅವ್ವ ಮೊದಮೊದಲು ಸೊರಗಿದಳು, ಆಮೇಲೆ ಪಕ್ಕದ ಮನೆಯವಳನ್ನು ಹಿಡಿದುಕೊಂಡಳು. ದೊಡ್ಡಪ್ಪ ಕಾರು ಮಾರಿದನೆಂದು ಕೇಳಿದೆವು.

ಮಳೆಗಾಲ ಕಳೆದ ಮೇಲೆ ಜಗಳೂರಿನ ಮುದುಕಿ ತೀರಿಕೊಂಡಳು. ತಿಥಿಗೆ ನಾವು ಮೂವರೂ ಹೋದೆವು. ಅವ್ವ ಹೋದದ್ದು ನನಗೆ ಆಶ್ಚರ್ಯ. "ಸಾವಿನ ಮನೇಲಿ ಕೆಲಸ ಇರ್ತೈತೆ, ಅವಳೊಬ್ಬಳಿಗೆ ಆಗಲ್ಲ" ಎಂದು ಸೆರಗು ಕಟ್ಟಿ, ದೊಡ್ಡಮ್ಮನ ಪಕ್ಕದಲ್ಲೇ ಹೋಳಿಗೆ ತಟ್ಟಲು ಕೂತಳು. ಮಧ್ಯಾಹ್ನದ ಹೊತ್ತಿಗೆ ದೊಡ್ಡಪ್ಪ ಬಂದ. ಬಸ್ಸಿನಲ್ಲಿ ಬಂದಿದ್ದ, ಬಿಳಿ ಅಂಗಿಯ ತುಂಬ ಧೂಳು. ಅವನನ್ನು ಯಾರೂ ಬೈಯಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವನು ಅಂಗಳ ದಾಟಿ ಹೋಗಿ ದೊಡ್ಡಮ್ಮನ ಮುಂದೆ ನಿಂತ.

"ಆಗಿದ್ದು ಆಯ್ತು. ಮನೆ ಕಡೆ ನಡಿ ಇನ್ನ."

"ಯಾಕೆ?" ಎಂದಳು ದೊಡ್ಡಮ್ಮ.

ದೊಡ್ಡಪ್ಪನ ಬಾಯಿಂದ ಮರ್ಯಾದೆ, ಮನೆತನ ಎಂದೆಲ್ಲ ಏನೋ ಬರುತ್ತದೆಂದು ನಾವೆಲ್ಲ ಕಾದೆವು.

"ಊಟಕ್ಕೆ ಭಾಳ ತೊಂದ್ರೆ ಆಗೈತೆ" ಎಂದ.

ದೊಡ್ಡಮ್ಮ ಅವನನ್ನೇ ನೋಡಿದಳು. ಮೊದಲು ಅವಳ ಭುಜ ಅಲುಗಿತು, ಆಮೇಲೆ ನಗು ಹೊರಗೆ ಬಂತು. ಅವಳು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಲ್ಲು ಬಹಳ ಚಂದವಿದ್ದವು.

"ನಿಜ ಹೇಳಿದ್ರಿ. ಇಷ್ಟು ವರ್ಷಕ್ಕೆ ಒಂದು ನಿಜ ಹೇಳಿದ್ರಿ. ಎಲೆ ಹಾಕೈತೆ, ಕೂತ್ಕಳ್ರಿ."

ಅವನು ಕೂತ. ಅವಳೇ ಬಡಿಸಿದಳು. ಎರಡನೆಯ ಸಲ ಹೋಳಿಗೆ ಕೇಳಿದ, ತುಪ್ಪ ಕೇಳಿದ, ಎಲ್ಲ ಹಾಕಿದಳು. ಉಂಡೆದ್ದು ಕೈ ತೊಳೆದು, ಅವಳ ಬಟ್ಟೆಯ ಗಂಟು ಎಲ್ಲಾದರೂ ಇದೆಯೇ ಎಂದು ಸುತ್ತ ನೋಡಿದ.

"ದಾವಣಗೆರೆ ಬಸ್ಸು ಬಿಡೋ ಹೊತ್ತಾಯ್ತು, ಹೊರಡ್ರಿ" ಎಂದಳು ದೊಡ್ಡಮ್ಮ.

ಅವನು ಮೆಟ್ಟು ಹಾಕಿಕೊಂಡು ಹೋದ. ತಿರುವಿನಲ್ಲಿ ಒಮ್ಮೆ ನಿಂತು ನೋಡಿದ, ಆಮೇಲೆ ಕಾಣಲಿಲ್ಲ. ಕೊನೆಯ ಪಂಕ್ತಿಯಲ್ಲಿ ಹೆಂಗಸರು ಕೂತರು. ಅವ್ವನೂ ದೊಡ್ಡಮ್ಮನೂ ಪಕ್ಕಪಕ್ಕದ ಎಲೆಗೆ ಕೂತರು. ಅವ್ವ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಹೋಳಿಗೆ ದಪ್ಪ ಆಗೈತೆ."

"ತಟ್ಟಿದೋಳು ನೀನೇ ಅಲ್ವೇನೇ?" ಎಂದಳು ದೊಡ್ಡಮ್ಮ, ಮತ್ತು ಅವಳ ಎಲೆಗೆ ಇನ್ನೊಂದು ಹಾಕಿದಳು.